ಮೇಡಂ ಟೀಗೆ ಹೋದರು

ಫ್ರೆಂಡ್ಸ್, ಇವತ್ತು ಲ್ಯಾಬ್‌ನಲ್ಲಿ ನನ್ನ ಪ್ರಾಜೆಕ್ಟ್ ಡೆಮೊ. ಬೆಲೆ ಏರಿದ ದಿನ ಮಾರಾಟವಾದ ಷೇರುಗಳನ್ನು ಕೂಡಿಸಿ, ಇಳಿದ ದಿನದವನ್ನು ಕಳೆದು, ವಾಲ್ಯೂಮ್ ಗ್ರಾಫ್ ಬಿಡಿಸುವ ಪುಟ್ಟ ಸಾಫ್ಟ್‌ವೇರ್. ರನ್ ಮಾಡಿದೆ. ಗೆರೆ ಸೀದಾ ಕೆಳಗಿಳಿಯಿತು.

"ಈ ಷೇರು ವರ್ಷದಿಂದ ಏರ್ತಾನೇ ಇದೆಯಲ್ಲಪ್ಪಾ?" ಅಂದರು ಮೇಡಂ.

ಹಾಸ್ಟೆಲ್‌ನಲ್ಲಿ ಬೆಳೆದವನು ನಾನು. ಟೀಚರ್ ಏನೇ ಕೇಳಿದರೂ ಮೊದಲು 'ಸಾರಿ' ಬರುತ್ತದೆ, ಆಮೇಲೆ ಉತ್ತರ. ಇವತ್ತು ಸಾರಿ ಮಾತ್ರ ಬಂತು. ಫೇಲ್ ಗ್ಯಾರಂಟಿ ಅಂದುಕೊಂಡೆ.

ಮೇಡಂ ಪೆನ್ ಮುಚ್ಚಿದರು. "ನಾನು ಟೀ ಕುಡಿದು ಬರ್ತೀನಿ. ಇನ್ನೂ ಏನೂ ನೋಡಿಲ್ಲ ಅಂದ್ಕೊ."

ಪಕ್ಕದ ಸಿಸ್ಟಂನಿಂದ ವಿರೂಪಾಕ್ಷಿಪುರದ ಮಂಜ ಬಗ್ಗಿ ನೋಡಿದ. "ಲೇ, ನೀನು ಹಾಕಿರೋ ರೇಟಿನ ಫೈಲಲ್ಲಿ ನೆನ್ನೇದು ಮೇಲೈತೆ, ಹಳೇದೆಲ್ಲಾ ಕೆಳಗೈತೆ. ವರ್ಷಾನೇ ಹಿಂದಕ್ಕೆ ಓಡಿಸ್ಬುಟ್ಟಿದ್ದೀಯ ಕಣ್ಲಾ!"

ಸಾಲುಗಳನ್ನು ತಿರುಗಿಸಿದೆ. ಮೇಡಂ ವಾಪಸ್ ಬರುವಷ್ಟರಲ್ಲಿ ಗೆರೆ ಏರುತ್ತಿತ್ತು. ಪಾಸ್!

ಹೊರಗೆ ಬಂದು, "ಮೇಡಂ ಕುಡಿದ ಟೀಗೆ ಥ್ಯಾಂಕ್ಸ್ ಹೇಳ್ಬೇಕು ಕಣೋ" ಅಂದೆ.

ಮಂಜ ನಕ್ಕ. "ಯಾವ ಟೀ ಕಣ್ಲಾ? ಅವರು ಟೀ ಕುಡಿಯಾಕಿಲ್ಲ. ಕಿಟಕೀಲಿ ನೋಡ್ದೆ, ವರಾಂಡದಲ್ಲಿ ಸುಮ್ನೆ ನಿಂತಿದ್ರು."

ನಾಳೆ ಹೋಗಿ ಥ್ಯಾಂಕ್ಸ್ ಹೇಳುತ್ತೇನೆ. ಬಾಯಿಗೆ ಸಾರಿ ಬರದಿದ್ದರೆ ಸಾಕು.