ಮೂರು ‘ಮು’ಗಳ ನಕ್ಷೆ

ನೀರು ಸರಬರಾಜು ಕಚೇರಿಯಲ್ಲಿ ನಕ್ಷೆ ಅಕ್ಕನನ್ನು ಕೇಳದೆ ಒಂದು ನಲ್ಲಿಯೂ ತಿರುಗುತ್ತಿರಲಿಲ್ಲ ಎಂದರೆ ಅತಿಯಾಯಿತು; ಆದರೆ ಬಹಳ ಅತಿಯೇನಲ್ಲ. ಊರಿನ ನೆಲದಡಿಯ ಪೈಪು, ವಾಲ್ವುಗಳೆಲ್ಲ ಇಪ್ಪತ್ತೆರಡು ವರ್ಷದಿಂದ ಆಕೆಯ ಮೇಜಿನ ಕಂಪ್ಯೂಟರಿನಲ್ಲಿದ್ದವು. ವಾಲ್ವ್‌ಮನ್ನುಗಳು ಆಕೆ ಕೊಟ್ಟ ಕಾಗದದ ನಕ್ಷೆ ಹಿಡಿದು ಹೋಗಿ, ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ತರುತ್ತಿದ್ದರು. ಆಕೆ ಅದನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಳು.

ಆ ಗುರುತು ಬಹುಪಾಲು ಒಂದೇ ಅಕ್ಷರ: ‘ಮು’. ಎಲ್ಲರೂ ಮೀಸೆ ಅಣ್ಣ ಎಂದು ಕರೆಯುವ ಹಿರಿಯ ವಾಲ್ವ್‌ಮನ್ ಬರೆದರೆ ಮುಚ್ಚಿದೆ ಎಂದರ್ಥ. ಅವನ ಭಾವಮೈದುನ ಬರೆದರೆ ಮುರಿದಿದೆ. ಮೂರನೆಯವನೊಬ್ಬನಿದ್ದ, ಮೈಗಳ್ಳ ಪುಣ್ಯಾತ್ಮ. ಅವನ ‘ಮು’ ಎಂದರೆ ಕೆಲಸ ಮುಗಿಯಿತು, ಮನೆಗೆ ಹೊರಟೆ ಅಂತ. ಯಾವ ‘ಮು’ ಯಾರದೆಂದು ಕೊಂಬಿನ ಬಾಲ ನೋಡಿಯೇ ಅಕ್ಕ ಹೇಳುತ್ತಿದ್ದಳು. ಆ ವಿದ್ಯೆಯ ಬಗ್ಗೆ ಆಕೆಗೆ ಜಂಬವೂ ಇತ್ತು, ಸುಳ್ಳೇಕೆ ಹೇಳಲಿ.

ತಂಗಿಯ ಆಪರೇಷನ್ನಿಗೆಂದು ಆಕೆ ಎಂಟು ದಿನ ರಜೆ ಹಾಕಿದಳು. ಬದಲಿಗೆ ಕೂತ ಗುಮಾಸ್ತ ಎಲ್ಲ ‘ಮು’ಗಳನ್ನೂ ಮುಚ್ಚಿದೆ ಎಂದೇ ಏರಿಸಿಬಿಟ್ಟ. ಅದನ್ನು ನಂಬಿ, ಮುರಿದ ವಾಲ್ವಿನ ಕೆಳಗಿನ ಬೀದಿಯಲ್ಲಿ ರಿಪೇರಿಗೆಂದು ಪೈಪು ಬಿಚ್ಚಿದರು. ನೀರು ಆಳೆತ್ತರ ಚಿಮ್ಮಿ ಹತ್ತು ಮನೆಗೆ ನುಗ್ಗಿತು.

ಮುಖ್ಯ ಇಂಜಿನಿಯರ್ ಕೆಂಡವಾದರು. ಹಳೆಯ ಸಾಫ್ಟ್‌ವೇರ್ ತೆಗೆಯುವುದೆಂದಾಯಿತು. ಹೊಸದು ಅಕ್ಕನ ಕೋಣೆಯ ಡೆಸ್ಕ್‌ಟಾಪಿನಲ್ಲೇ ಕೂರುವಂಥದೋ, ಎಲ್ಲರ ಫೋನಿನಲ್ಲೂ ತೆರೆಯುವ ಕ್ಲೌಡಿನದೋ?

“ನೀವೇ ನೋಡಿ ಹೇಳಿ, ಸೋಮವಾರ ಮೀಟಿಂಗು” ಎಂದು ರಜೆ ಮುಗಿಸಿ ಬಂದ ಅಕ್ಕನಿಗೆ ಹೇಳಿದರು.

ಅಕ್ಕ ಲೆಕ್ಕ ಹಾಕಿದಳು. ಡೆಸ್ಕ್‌ಟಾಪ್ ಎಂದರೆ ಕೋಣೆ, ಕುರ್ಚಿ, ಗತ್ತು ಎಲ್ಲ ಉಳಿಯುತ್ತದೆ. ಕ್ಲೌಡ್ ಎಂದರೆ ವಾಲ್ವ್‌ಮನ್ನುಗಳೇ ಬಟನ್ ಒತ್ತುತ್ತಾರೆ. ತನ್ನನ್ನು ದೂರು ಬರೆದುಕೊಳ್ಳುವ ಕಿಟಕಿಗೆ ತಳ್ಳಿದರೂ ಕೇಳುವವರಿಲ್ಲ. ಡೆಸ್ಕ್‌ಟಾಪ್ ಎಂದೇ ಹೇಳುವುದೆಂದು ಮನೆಗೆ ಬಂದಳು.

ದರ್ಜಿ ಗಂಡ ಸೂಜಿಗೆ ದಾರ ಪೋಣಿಸುತ್ತಿದ್ದ. “ನಾನಿಲ್ದಿದ್ರೆ ಆಫೀಸೇ ನಡಿಯಲ್ಲ ಅಂತಿದ್ದೆ. ಎಂಟು ದಿನ ಇರ್ಲಿಲ್ಲ, ನಡೀಲಿಲ್ಲ. ಈಗ ಖುಷಿನೇನೆ?”

ಮಾತು ನಾಟಿತು. ಎರಡು ದಿನ ಆಕೆ ಅವನ ಹತ್ತಿರ ಮುಖ ಕೊಟ್ಟು ಮಾತಾಡಲಿಲ್ಲ, ಅದು ಬೇರೆ ವಿಷಯ.

ಶನಿವಾರ ಕ್ಲೌಡ್ ಮಾರಲು ಬಂದವನನ್ನು ಆಕೆ ಕಚೇರಿಯಲ್ಲಿ ಕೂರಿಸದೆ ನೇರ ವಾಲ್ವಿನ ಗುಂಡಿಯ ಹತ್ತಿರ ಕರೆದೊಯ್ದಳು. ಮೀಸೆ ಅಣ್ಣ ಫೋನು ಹಿಡಿದು ಏಣಿ ಇಳಿದ.

“ಅಕ್ಕಾ, ನಕ್ಷೆನೂ ಇಲ್ಲ ಮಣ್ಣೂ ಇಲ್ಲ, ಫೋನಲ್ಲಿ ಚಕ್ರ ಸುತ್ತುತಾ ಇದೆ ಅಷ್ಟೆ!” ಎಂಬ ಕೂಗು ಕೆಳಗಿಂದ ಬಂತು.

“ಸಿಗ್ನಲ್ ಇಲ್ಲ ಅಂದ್ರೆ ಹಾಗೇ ಮೇಡಂ” ಎಂದು ಮಾರುವವನು ಕತ್ತು ಒರೆಸಿಕೊಂಡ.

“ನಮ್ ಕೆಲಸ ಇರೋದೇ ಆ ಕೆಳಗೆ ಕಣಪ್ಪ. ಇಳಿಯೋಕೆ ಮುಂಚೆನೇ ನಕ್ಷೆನ ಫೋನಿಗೆ ಹಾಕ್ಕೊಳ್ಳೋಕೆ ಆಗುತ್ತೋ ಇಲ್ವೋ?”

“ಆಗುತ್ತೆ... ಯಾರೂ ಕೇಳಲ್ಲ ಅಂತ ತೋರ್ಸಲ್ಲ.”

ತೋರಿಸಿದ. ಮೀಸೆ ಅಣ್ಣ ಮತ್ತೆ ಇಳಿದು, ವಾಲ್ವ್ ಮುಚ್ಚಿ, ಫೋನಿನಲ್ಲಿ ಗುರುತು ಹಾಕಿ ಮೇಲೆ ಬಂದ. ಸಿಗ್ನಲ್ ಸಿಕ್ಕಿದ್ದೇ ತಡ, ಕಚೇರಿಯ ಪರದೆಯಲ್ಲಿ ಆ ವಾಲ್ವಿನ ಚುಕ್ಕೆ ಕೆಂಪಾಯಿತೆಂದು ಗುಮಾಸ್ತ ಫೋನಿನಲ್ಲಿ ಕಿರುಚಿದ. ತನ್ನ ವಿದ್ಯೆ ಇನ್ನು ಯಾರಿಗೂ ಬೇಡವೆಂದು ಅಕ್ಕನಿಗೆ ಅಲ್ಲೇ ಗೊತ್ತಾಯಿತು. ಆದರೆ ಹತ್ತು ಮನೆಯ ಒದ್ದೆ ಹಾಸಿಗೆಗಳೂ ಕಣ್ಣ ಮುಂದೆ ಬಂದವು.

ಸೋಮವಾರ ಆಕೆ ಎದ್ದು ನಿಂತಳು. “ಕ್ಲೌಡೇ ಇರ್ಲಿ ಸರ್. ಆದ್ರೆ ಗುಂಡಿ ಒಳಗೂ ನಡೀಬೇಕು. ಆಮೇಲೆ ಈ ‘ಮು’ ಅನ್ನೋದು ಇರ್ಲೇಬಾರ್ದು. ಮುಚ್ಚಿದೆ, ಮುರಿದಿದೆ, ಮುಗಿದಿದೆ ಅಂತ ಪೂರ್ತಿ ಬರೆದಿರೋ ಮೂರು ಬಟನ್ ಬೇಕು.”

“ಹಾಗಾದ್ರೆ ನಿಮ್ಗೇನ್ ಕೆಲ್ಸ?” ಎಂದರು ಇಂಜಿನಿಯರ್.

“ಅದನ್ನ ನೀವೇ ಹೇಳ್ಬೇಕು ಸರ್.”

ಕೊನೆಗೆ ಅಕ್ಕ ಹೇಳಿದ್ದನ್ನೇ ಇಂಜಿನಿಯರ್ ತರಿಸಿದರು. ವಾಲ್ವ್‌ಮನ್ನುಗಳಿಗೆ ಒಬ್ಬೊಬ್ಬರಿಗೂ ಆಕೆಯೇ ಬೆರಳು ಹಿಡಿದು ಕಲಿಸಿದಳು.

ಮೂರನೆಯ ತಿಂಗಳು, ಹಾಡಹಗಲೇ, ಶಾಲೆಯ ಪಕ್ಕದ ದೊಡ್ಡ ಪೈಪು ಒಡೆಯಿತು. ಇಂಜಿನಿಯರ್ ಏದುಸಿರು ಬಿಡುತ್ತ ನಕ್ಷೆಯ ಕೋಣೆಗೆ ಬರುವಷ್ಟರಲ್ಲಿ ನೀರು ನಿಂತಿತ್ತು. ಶಾಲೆಯ ಮೆಟ್ಟಿಲೂ ಒದ್ದೆಯಾಗಿರಲಿಲ್ಲ.

“ಹನ್ನೊಂದೇ ನಿಮಿಷ! ಭೇಷ್ ಮೇಡಂ!”

“ನಾನಲ್ಲ ಸರ್.” ಅಕ್ಕ ಪರದೆಯನ್ನು ಅವರತ್ತ ತಿರುಗಿಸಿದಳು. ಕೆಂಪು ಚುಕ್ಕೆಯ ಪಕ್ಕದಲ್ಲಿ, ವಾಲ್ವ್ ಮುಚ್ಚಿದವನ ಹೆಸರು ಇನಿಷಿಯಲ್ ಸಮೇತ ಪೂರ್ತಿ ಇತ್ತು.

“ಇದ್ಯಾರ್ರೀ?”

ಅಷ್ಟರಲ್ಲಿ ಕೆಸರು ಮೆತ್ತಿದ ಕಾಲಿನಲ್ಲೇ ಮೀಸೆ ಅಣ್ಣ ಬಾಗಿಲಿಗೆ ಬಂದಿದ್ದ. ಒಳಬಂದು ಪರದೆಗೆ ಬಗ್ಗಿ ಎರಡೆರಡು ಸಲ ಓದಿಕೊಂಡ. “ನಾನೇ ಸರ್. ಮೂವತ್ತು ವರ್ಷ ಆಯ್ತು, ನಕ್ಷೆ ಮೇಲೆ ನನ್ನ ಹೆಸರು ನಾನು ನೋಡ್ತಿರೋದು ಇವತ್ತೇ.” ಆ ಹೆಸರಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದ. ಅಕ್ಕನಿಗೆ ತನ್ನ ಕೆಲಸದಲ್ಲಿ ಅಂಥ ಸಂತೋಷ ಹಿಂದೆಂದೂ ಆಗಿರಲಿಲ್ಲ.

ಇಂಜಿನಿಯರ್ ಅಕ್ಕನತ್ತ ತಿರುಗಿದರು. “ಮೇಡಂ, ಪಕ್ಕದ ಎರಡು ವಿಭಾಗದವರೂ ಇದನ್ನೇ ಕೇಳ್ತಿದಾರೆ. ನೀವೇ ಹೋಗಿ ಕಲಿಸ್ಬೇಕು. ಆರ್ಡರ್ ಇವತ್ತೇ ಹಾಕ್ತೀನಿ.”

“ಆರ್ಡರಲ್ಲಿ ಎರಡು ಹೆಸರು ಹಾಕಿ ಸರ್” ಎಂದಳು ಅಕ್ಕ. “ಗುಂಡಿ ಒಳಗಿನ ಪಾಠಕ್ಕೆ ಇವರೇ ಮೇಷ್ಟ್ರು.”