ನನ್ನ ಮಂಜೂರ್, ನಮ್ಮ ಬಾವಿ

ಹೋದ ಸೋಮವಾರ ನಾನು ನನಗೇ ಧಿಕ್ಕಾರ ಕೂಗಿದೆ. ಮೆಲ್ಲಗಲ್ಲ, ಗಂಟಲು ಹರಿಯುವ ಹಾಗೆ.

ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ ನಮ್ಮ ತೋಟದ ವಸ್ತಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ನಿಂತಿದ್ದರು. ನಾನು "ಡೈರೆಕ್ಟರ್ ಮಂಡಳಿಗೆ..." ಎಂದರೆ ಅವರು "ಧಿಕ್ಕಾರ!" ಎನ್ನುತ್ತಿದ್ದರು. ಎಲ್ಲರಿಗಿಂತ ಜೋರಾದ ದನಿ ನನ್ನ ಹೆಂಡತಿ ಶಾಂತಾಳದು.

ಆ ಮಂಡಳಿಯಲ್ಲಿ ನಾನೂ ಒಬ್ಬ.

ವಸ್ತಿಯವರಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ನನ್ನನ್ನು ಮುಂದೆ ನಿಲ್ಲಿಸಿದ್ದರು. "ಧಿಕ್ಕಾರ ಉಳದವರಿಗ್ರಿ ಮಾಮಾ, ನಿಮಗಲ್ಲ" ಎಂದು ಪಕ್ಕದ ಮನೆಯ ಕಾಶವ್ವ ಸಮಾಧಾನ ಬೇರೆ ಹೇಳಿದ್ದಳು. ಒಳಗೆ ನಡೆದದ್ದು ಅವಳಿಗೇನು ಗೊತ್ತು?

ಅದನ್ನು ನಿಮಗೆ ಹೇಳಿಬಿಡುತ್ತೇನೆ. ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನು ಮಾಡಲಿ?

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯವರಿಗೆ ನಮ್ಮ ಸೊಸೈಟಿಗಳ ವಾರ್ಷಿಕ ಸಭೆ ಹೊಸದಲ್ಲ. ಸೆಕ್ರೆಟರಿ ವಿಷಯ ಓದಲು ಬಾಯಿ ತೆರೆದರೆ ಸಾಕು, ಮುಂದಿನ ಸಾಲಿನಿಂದ "ಮಂಜೂರ್! ಮಂಜೂರ್!" ಎಂಬ ಕೂಗು ಏಳುತ್ತದೆ. ಏನು ಮಂಜೂರ್ ಆಯಿತು? ಯಾರಿಗೆ ಬೇಕು ಅದು? ಸಭೆ ಬೇಗ ಮುಗಿಯಿತಲ್ಲ, ಅಷ್ಟು ಸಾಕು.

ಆ ಮುಂದಿನ ಸಾಲಿನ ಮೊದಲ ದನಿ ನನ್ನದು. ದೇವರು ನನಗೆ ಎಸ್ಸೆಸ್ಸೆಲ್ಸಿಗಿಂತ ಹೆಚ್ಚಿನ ವಿದ್ಯೆ ಕೊಡಲಿಲ್ಲ, ಗಂಟಲು ಕೊಟ್ಟ.

ನಮ್ಮ ಭಾಗದ ದೊಡ್ಡ ಸಕ್ಕರೆ ಕಂಪನಿಯೊಂದು (ಹೆಸರು ಬೇಡ, ನನ್ನ ಕಬ್ಬು ಇನ್ನೂ ಅಲ್ಲಿಗೇ ಹೋಗಬೇಕು) ನನ್ನನ್ನು ಸ್ವತಂತ್ರ ನಿರ್ದೇಶಕನಾಗಲು ಕರೆದಾಗ, ಪತ್ರಿಕೆಗೆ ನಾನು ಬರೆಯುವ ಈ ಅಂಕಣ ಓದಿ ಮೆಚ್ಚಿ ಕರೆದಿದ್ದಾರೆ ಅಂದುಕೊಂಡೆ. ಅವರು ಮೆಚ್ಚಿದ್ದು ಗಂಟಲನ್ನು ಎಂದು ತಿಳಿಯಲು ಬಹಳ ಕಾಲ ಹಿಡಿಯಿತು. ಮಾಲಕರಿಗೂ ಮ್ಯಾನೇಜರಿಗೂ ಹೆದರದೆ ಪ್ರಶ್ನೆ ಕೇಳುವುದೇ ಸ್ವತಂತ್ರ ನಿರ್ದೇಶಕನ ಕೆಲಸವಂತೆ. ನಾನು ಕೇಳಿದ ಒಂದೇ ಪ್ರಶ್ನೆ, ಎ.ಸಿ. ಸ್ವಲ್ಪ ಕಡಿಮೆ ಮಾಡಲಿಕ್ಕೆ ಬರುತ್ತದೆಯೇ ಎಂಬುದು.

ಹೋದ ತಿಂಗಳು ರಿಸ್ಕ್ ಕಮಿಟಿ ಸಭೆ. ಕಂಪನಿಗೆ ಎಲ್ಲಿಂದ ಅಪಾಯ ಬರಬಹುದು ಎಂದು ಮೊದಲೇ ನೋಡಿಟ್ಟುಕೊಳ್ಳುವ ಕಮಿಟಿ ಅದು. ಕಂಪನಿ ಸೆಕ್ರೆಟರಿ ಸ್ನೇಹಾ ನಿಪ್ಪಾಣಿಯ ಹುಡುಗಿ, ಚುರುಕು. ಪರದೆಯ ಮೇಲೆ ಕೆಂಪು, ಹಳದಿ, ಹಸಿರು ಚೌಕಗಳನ್ನು ತೋರಿಸಿದಳು. ನನಗೆ ರಂಗೋಲಿ ಕಂಡಂತಾಯಿತು. ಕೆಂಪು ಚೌಕದ ಮೇಲೆ ಬೆರಳಿಟ್ಟು ಆಕೆ ಶುರು ಮಾಡಿದಳು: "ಡಿಸ್ಟಿಲರಿ ಹೊಲಸ ನೀರ ಶುದ್ಧ ಮಾಡೂ ಯಂತ್ರ ರಿಪೇರಿಗೆ ಬಂದೈತ್ರಿ. ಅದು ಆಗೂ ತನಕಾ ನೀರ ಹಳೇ ಹೊಂಡದಾಗ ಬಿಡೂದಂತ ಠರಾವ್ ಐತಿ. ಆದ್ರ ಹೊಂಡದ ತಳದ ಪ್ಲಾಸ್ಟಿಕ್ ಹರದೈತಿ, ಅದಕ್ಕ..."

"ಮಂಜೂರ್!" ಅಂದೆ.

ಆ ಹೊತ್ತಿಗೆ ಪಕ್ಕದ ಕೋಣೆಯಿಂದ ಬಾಸುಂದಿಯ ವಾಸನೆ ಬರುತ್ತಿತ್ತು. ಉಳಿದವರೂ ಮಂಜೂರ್ ಎಂದರು. ಸ್ನೇಹಾ ನನ್ನತ್ತ ನೋಡಿದಳು. "ಕಾಕಾ, ಏನರ ಕೇಳೂದೈತೇನ್ರಿ?" ನಾನು ದೊಡ್ಡ ಮನಸ್ಸಿನಿಂದ, "ಏನಿಲ್ಲವಾ, ಚೊಲೊ ಹೇಳಿದಿ" ಅಂದೆ.

ಆ ಹೊಂಡ ಎಲ್ಲಿದೆ? ನಮ್ಮ ವಸ್ತಿಯ ಏರಿನ ಮೇಲೆ. ಬಾವಿ ಎಲ್ಲಿದೆ? ಏರಿನ ಕೆಳಗೆ.

ಕೆಲವೇ ದಿನಗಳಲ್ಲಿ ಬಾವಿಯ ನೀರು ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತು. ಎಮ್ಮೆ ಮೂಸಿ ಮುಖ ತಿರುಗಿಸಿತು. ಇಡೀ ವಸ್ತಿಗೆ ಕುಡಿಯಲು ಇರುವುದು ಅದೊಂದೇ ಬಾವಿ. "ಯಾಂವ ಇದನ್ನ ಮಾಡಿದಾಂವ, ಅವನ ಕೈ ಬಿದ್ದಹೋಗ್ಲಿ" ಎಂದು ಶಾಂತಾ ಶಪಿಸಿದಳು. ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ.

ಮತ್ತೆ ಗೇಟಿಗೆ ಬನ್ನಿ. ಘೋಷಣೆ ಕೇಳಿ ಜನರಲ್ ಮ್ಯಾನೇಜರ್ ಹೊರಗೆ ಬಂದ. ಒಳ್ಳೆಯ ಮನುಷ್ಯ, ಮರ್ಯಾದಸ್ಥ. ನನ್ನನ್ನು ಕಂಡು ನಿಜಕ್ಕೂ ಗಾಬರಿಯಾದ.

"ಅಣ್ಣಾರ, ಇದೇನ್ರಿ? ಹೊಂಡಕ್ಕ ನೀರ ಬಿಡ್ರಿ ಅಂತ ಮೊದಲ ಮಂಜೂರ್ ಅಂದಾವ್ರು ನೀವ ಅಲ್ರಿ?"

ಧಿಕ್ಕಾರ ನಿಂತಿತು. ಶಾಂತಾ ಕೊಡವನ್ನು ಕೆಳಗಿಟ್ಟಳು.

"ಏನಂದ್ರು ಅವರು?"

"ಅದು... ಪದ್ಧತಿ ಐತಿ. ಹಂಗ ಅನ್ನೂದು."

"ಏನ್ ಓದಿದ್ರು, ಕೇಳಿದ್ರೇನು?"

"ಅರ್ಧಾ ಕೇಳಿದ್ನಿ."

ಕಾಶವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಮನ್ಯಾಗೂ ಹಿಂಗ ಕೇಳಲಾರ್ದ ಮಂಜೂರ್ ಅಂದಿದ್ರ, ಶಾಂತಕ್ಕ ಇಷ್ಟೊತ್ತಿಗೆ ಬಂಗಾರದಾಗ ಮುಳಗಿರ್ತಿದ್ಳು ನೋಡ್ರಿ!"

ಎಲ್ಲರೂ ನಕ್ಕರು. ಶಾಂತಾ ನಗಲಿಲ್ಲ. ಖಾಲಿ ಕೊಡ ಎತ್ತಿಕೊಂಡು ನನ್ನನ್ನು ಬಿಟ್ಟು ಮುಂದೆ ಮನೆಯತ್ತ ನಡೆದಳು. ಬೈದಿದ್ದರೆ ಚೆನ್ನಾಗಿತ್ತು.

ಗದ್ದಲ ಆಯಿತೆಂದು ಗುರುವಾರ ತುರ್ತು ಸಭೆ ಕರೆದರು. ಈ ಸಲ ಕೇಳಲೇಬೇಕೆಂದು ಹಟ ತೊಟ್ಟು ಹೋದೆ. ಚೇರಮನ್ನರು ಮೊದಲ ವಿಷಯಕ್ಕೆ ಬರುತ್ತಿದ್ದಂತೆ ಕೈ ಎತ್ತಿದೆ. ಅಲ್ಲಿ ಯಾರಾದರೂ ಹಾಗೆ ಕೈ ಎತ್ತಿದ್ದನ್ನು ಅವರು ನೋಡಿರಲಿಲ್ಲವೇನೋ.

"ಬಾತ್ರೂಮ್ ಬಲಗಡೆ ಐತ್ರಿ ಅಣ್ಣಾ" ಎಂದರು, ಪ್ರೀತಿಯಿಂದ.

"ಅದಕ್ಕಲ್ರಿ. ಯಂತ್ರ ರಿಪೇರಿ ಆಗೂ ತನಕಾ ಡಿಸ್ಟಿಲರಿ ಬಂದ್ ಇಡಬೇಕಂತ ನನ್ನ ಸೂಚನೆ ಐತ್ರಿ."

ನನ್ನ ದನಿ ನನಗೇ ಕೇಳಿಸಲಿಲ್ಲ. ಎಲ್ಲಿ ಹೋಗಿತ್ತು ಆ ಗಂಟಲು? ಸೂಚನೆಗೆ ಅನುಮೋದನೆ ಬೇಕಲ್ಲ, ಪಕ್ಕದಲ್ಲಿದ್ದ ಅಥಣಿ ಕಡೆಯ ದ್ರಾಕ್ಷಿ ತೋಟದ ಗೆಳೆಯನತ್ತ ನೋಡಿದೆ. ಆತ ಕನ್ನಡಕ ಒರೆಸುತ್ತಿದ್ದ. ಸ್ನೇಹಾ ನನ್ನನ್ನೇ ನೋಡುತ್ತಿದ್ದಳು, ಆದರೆ ಅವಳಿಗೆ ಮತವಿಲ್ಲ.

ಚೇರಮನ್ನರು ನಕ್ಕರು. "ಡಿಸ್ಟಿಲರಿ ಬಂದ್ ಇಟ್ರ ಲುಕ್ಸಾನ್ ಎಷ್ಟ ಗೊತ್ತೈತಿ? ಒಂದ ಕೆಲಸ ಮಾಡೂಣು. ನಿಮ್ಮ ವಸ್ತಿಗೆ ದಿನಾ ಟ್ಯಾಂಕರ್ ಕಳಸ್ತೀವಿ, ಶುದ್ಧ ನೀರು. ಬಂದ್ ಮಾಡೂ ವಿಷಯ ಮುಂದಿನ ಸಭಾಕ್ಕ ನೋಡೂಣು. ಆತಿಲ್ಲೊ?"

ಟೇಬಲ್ಲಿನ ಸುತ್ತ ಚಪ್ಪಾಳೆ ಬಿತ್ತು. ನನಗಾಗಿ! ಈ ಕಂಪನಿಯಲ್ಲಿ ನನಗೆ ಚಪ್ಪಾಳೆ ಬಿದ್ದದ್ದು ಅದೇ ಮೊದಲು. ಗೆಳೆಯ ಕನ್ನಡಕ ಹಾಕಿಕೊಂಡು ಬೆನ್ನು ತಟ್ಟಿದ. ನಾನು ಎದ್ದು ನಿಂತು ಎಲ್ಲರಿಗೂ ಕೈ ಮುಗಿದೆ. ಆಗ ಬಾಯಿಂದ ಏನು ಬಂದಿರಬಹುದು? ನೀವೇ ಊಹಿಸಿ.

ಮನೆಗೆ ಬಂದು ಎದೆ ಉಬ್ಬಿಸಿ ಹೇಳಿದೆ: "ನಾಳಿಂದ ಟ್ಯಾಂಕರ್ ಬರತೈತಿ. ಶುದ್ಧ ನೀರು. ನಾನ ಹಚ್ಚಿ ಕೇಳಿದ್ನಿ."

ಸೋಮವಾರದಿಂದ ನನ್ನ ಜೊತೆ ಸರಿಯಾಗಿ ಮಾತಾಡದ ಶಾಂತಾ ಬಾಯಿ ಬಿಟ್ಟಳು.

"ಮತ್ತ ಬಾವಿ?"

ಹೊಂಡಕ್ಕೆ ಅದೇ ನೀರು ಬೀಳುತ್ತಿದೆ. ನಮಗೆ ಟ್ಯಾಂಕರ್ ಬಂದರೆ ಕೊಡ ಹಿಡಿದು ಗೇಟಿಗೆ ಹೋಗುವವರು ಯಾರು? ಕಂಪನಿ ತನಗಿದ್ದ ಅಪಾಯವನ್ನು ಬಹಳ ಚೆಂದವಾಗಿ ನಿರ್ವಹಿಸಿತ್ತು. ಬಾವಿಗಿದ್ದ ಅಪಾಯ ಹಾಗೇ ಉಳಿಯಿತು. ನನ್ನನ್ನು ಅಲ್ಲಿ ಕೂರಿಸಿದ್ದು ಇದನ್ನು ಕೇಳಲಿಕ್ಕೆ, ಆದರೆ ಚಪ್ಪಾಳೆ ಕೇಳಿಸಿದ ಮೇಲೆ ನನಗೆ ಬೇರೇನೂ ಕೇಳಿಸಲಿಲ್ಲ.

ಸ್ನೇಹಾಗೆ ಫೋನ್ ಮಾಡಿದೆ. ಟ್ಯಾಂಕರ್ ಬಂದರೂ ನನ್ನ ವಿರೋಧ ಇದೆ ಎಂದು ಬರೆದುಕೋ, ಮುಂದಿನ ಸಭೆಗೆ ಡಿಸ್ಟಿಲರಿ ಬಂದ್ ಮಾಡುವುದನ್ನೇ ಮೊದಲ ವಿಷಯ ಮಾಡು ಅಂದೆ. "ಮಾಡ್ತೀನ್ರಿ ಕಾಕಾ. ಆದ್ರ ನೀವು ಅವತ್ತ ಪೂರಾ ಕೇಳಸ್ಕೊಬೇಕ್ರಿ" ಎಂದಳು. ನನ್ನ ಮೊಮ್ಮಗಳ ವಯಸ್ಸು ಅವಳಿಗೆ.

ಬರುವ ವಾರ ಆ ಸಭೆ. ಯಾರು ಅನುಮೋದಿಸಲಿ, ಬಿಡಲಿ, ಬಾವಿಯ ಮಾತು ಮುಗಿಯುವವರೆಗೆ ಕೂರುವುದಿಲ್ಲ ಎಂದು ಶಾಂತಾಗೆ ಮಾತು ಕೊಟ್ಟಿದ್ದೇನೆ. ಅವಳು ನಂಬಿಲ್ಲ.

ನೀವು ನಂಬುತ್ತೀರಾ?