ಲೋಟ ಎಸೆದದ್ದು ಯಾರು

ಬಸ್ ಡಿಪೋದಲ್ಲಿ ಅವನಿಗೆ 'ಮೆತ್ತನೆ ಡ್ರೈವರ್' ಎಂದೇ ಹೆಸರು. ಇಪ್ಪತ್ತಾರು ವರ್ಷದಲ್ಲಿ ಗಕ್ಕನೆ ಬ್ರೇಕ್ ಒತ್ತಿದವನಲ್ಲ. "ಇವನ ಬಸ್ಸಲ್ಲಿ ನಿದ್ದೆ ಹೋದೋರು ಇಳಿಯೋದೇ ಮರೀತಾರೆ" ಎಂದು ಕಂಡಕ್ಟರ್ ತಮಾಷೆ ಮಾಡುತ್ತಿದ್ದ. ಮನೆಯಲ್ಲೂ ಅಷ್ಟೆ, ಹೆಂಡತಿಯ ಮೇಲೆ ದನಿ ಏರಿಸಿದವನಲ್ಲ.

ಒಂದು ಬೆಳಿಗ್ಗೆ ಡಿಪೋದಲ್ಲೇ ಫಿಟ್ಸ್ ಬಂದು ಬಿದ್ದ. ಸ್ಕ್ಯಾನಿನಲ್ಲಿ ಕಂಡದ್ದು ಮೆದುಳಿನ ಮುಂಭಾಗದಲ್ಲಿ ಕ್ಯಾನ್ಸರ್ ಗಡ್ಡೆ. ಆಪರೇಷನ್ ಮಾಡಿದರೂ ಪೂರ್ತಿ ತೆಗೆಯಲಾಗಲಿಲ್ಲ. ಇನ್ನು ಬಸ್ ಓಡಿಸುವಂತಿಲ್ಲ, ಗಡ್ಡೆ ಇರುವ ಜಾಗದಿಂದಾಗಿ ಸ್ವಭಾವವೂ ಬದಲಾಗಬಹುದು ಎಂದು ಡಾಕ್ಟರು ಹೇಳಿದರು. ಮನೆಯಲ್ಲಿ ಕೂತವನಿಗೆ ಸಣ್ಣಪುಟ್ಟದಕ್ಕೂ ಮೈಯೆಲ್ಲ ಉರಿಯತೊಡಗಿತು. ಒಂದು ದಿನ ನೀರು ತರುವುದು ತಡವಾಯಿತೆಂದು ಸ್ಟೀಲ್ ಲೋಟ ಬೀಸಿ ಎಸೆದ. ಹೆಂಡತಿಯ ಹುಬ್ಬಿಗೆ ಮೂರು ಹೊಲಿಗೆ ಬಿತ್ತು.

ಅಂದಿನಿಂದ ಅವನು ಕೋಣೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡ. ಊಟ ಬಿಟ್ಟ. "ಬೇಗ ಹೋಗ್ಬಿಟ್ರೆ ಸಾಕು" ಎನ್ನುತ್ತಿದ್ದ. ದಿಕ್ಕು ತೋಚದೆ ಹೆಂಡತಿ ಡಾಕ್ಟರಿಗೆ ಹೇಳಿದಳು. ಅವರು ಅವನನ್ನು ಆಸ್ಪತ್ರೆಯ ಆಪ್ತಸಮಾಲೋಚಕಿಯ ಬಳಿ ಕಳಿಸಿದರು.

"ಗಡ್ಡೆ ಇರೋದು ತಲೇಲಿ ಮೇಡಂ. ನಿಮ್ಮ ಮಾತು ಅಲ್ಲೀತನಕ ಹೋಗುತ್ತಾ?" ಎಂದು ಅವನು ಕೇಳಿದ.

"ಇಲ್ಲ. ಅದಕ್ಕೆ ನಾನೇನೂ ಮಾಡಕ್ಕಾಗಲ್ಲ. ನಾನು ಕೂತಿರೋದು ನಿಮ್ಮ ಜೊತೆ ಮಾತಾಡೋಕೆ."

ಮೊದಲೆರಡು ವಾರದ ಭೇಟಿಗಳಲ್ಲಿ ಗೋಡೆ ನೋಡುತ್ತ ಕೂತಿದ್ದ. ಮೂರನೆಯ ವಾರ ತಡೆಯಲಾಗದೆ ಅತ್ತುಬಿಟ್ಟ. "ಲೋಟ ಎಸೆದಿದ್ದು ನಾನಾ, ಗಡ್ಡೇನಾ? ಅಷ್ಟು ಹೇಳ್ಬಿಡಿ ಮೇಡಂ."

"ನನಗೆ ಗೊತ್ತಿಲ್ಲ. ಡಾಕ್ಟ್ರಿಗೂ ಖಚಿತವಾಗಿ ಹೇಳಕ್ಕಾಗಲ್ಲ." ಆಮೇಲೆ ಆಕೆ ಕೇಳಿದರು, "ಸಿಟ್ಟು ಬರೋಕೆ ಮುಂಚೆ ಏನಾಗುತ್ತೆ?"

ಅವನು ಬಿಕ್ಕುತ್ತಲೇ ಯೋಚಿಸಿದ. "ಕಿವಿ ಬಿಸಿಯಾಗುತ್ತೆ. ಪಾತ್ರೆ ಸದ್ದಾದ್ರೂ ತಲೆ ಮೇಲೆ ಬಡಿದ ಹಾಗಿರುತ್ತೆ."

ಮುಂದಿನ ಸಲ ಹೆಂಡತಿಯನ್ನೂ ಕರೆಸಿದರು. ಕಿವಿ ಬಿಸಿಯಾದ ಕೂಡಲೇ ಅವನು ಕೈ ಎತ್ತಿ ಸನ್ನೆ ಮಾಡಬೇಕು, ಅವಳು ಪಕ್ಕದ ಮನೆಗೆ ಹೋಗಬೇಕು ಎಂದು ಮಾತಾಯಿತು. "ನಿಮ್ಮ ಸಿಟ್ಟಿಗಿಂತ ಆ ಚಿಲಕದ ಸದ್ದಿಗೇ ನನ್ನ ಜೀವ ಹೋಗುತ್ತೆ ರೀ" ಎಂದಳು. ಅವನು ಮತ್ತೆ ಚಿಲಕ ಹಾಕಲಿಲ್ಲ.

ಆರು ವಾರ ಹಾಗೆ ನಡೆಯಿತು. ಆಮೇಲೆ ಗಡ್ಡೆ ಬೆಳೆದು ಬಲಗೈ ಸ್ವಾಧೀನ ತಪ್ಪಿತು. ಎಡಗೈ ಎತ್ತಬೇಕೆಂಬ ನೆನಪೂ ಉಳಿಯಲಿಲ್ಲ. ಮತ್ತೆ ಕೂಗಾಟ, ಮತ್ತೆ ಅಳು. ಒಂದು ಮಧ್ಯಾಹ್ನ, ತಲೆ ಸ್ವಲ್ಪ ತಿಳಿಯಾಗಿದ್ದಾಗ, ಮಂಚದಿಂದಲೇ ಕೇಳಿದ: "ನನ್ನ ಕಂಡ್ರೆ ಹೆದರಿಕೆ ಆಗುತ್ತಾ ನಿನಗೆ?"

"ಆಗುತ್ತೆ" ಎಂದಳು. ಎದ್ದು ಮಾತ್ರ ಹೋಗಲಿಲ್ಲ.

ಹನ್ನೆರಡು ದಿನದ ಮೇಲೆ ಅವನು ತೀರಿಕೊಂಡ. ಅವನಿಗೆಂದು ಬರೆದಿಟ್ಟಿದ್ದ ಮುಂದಿನ ಭೇಟಿಯ ಹೊತ್ತಿಗೆ ಹೆಂಡತಿ ಒಬ್ಬಳೇ ಆಸ್ಪತ್ರೆಗೆ ಹೋದಳು. ಆಪ್ತಸಮಾಲೋಚಕಿಯ ಕೋಣೆಯ ಬಾಗಿಲಲ್ಲಿ ನಿಂತು, "ನಾನು ಕೂರಬಹುದಾ ಮೇಡಂ?" ಎಂದಳು.